ಎಡ ರೆಕ್ಕೆಯ ಜೋಳ

ಶಹಾಪುರದಲ್ಲಿ ಸಾಬಣ್ಣ ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ. ವಿಮಾನದ ಸಾಬಣ್ಣ ಎಂದರೆ ಒಬ್ಬನೇ. ಸುರಪುರ ರಸ್ತೆಯಲ್ಲಿ ಊರು ಮುಗಿದು ಹತ್ತಿ ಹೊಲ ಶುರುವಾಗುವ ಕಡೆ, ಮುಚ್ಚಿಹೋದ ಜಿನ್ನಿಂಗ್ ಮಿಲ್ಲಿನ ಒಂದು ಶೆಡ್ಡು ಹಿಡಿದು ಅವನು ಏಳು ವರ್ಷದಿಂದ ವಿಮಾನ ಕಟ್ಟುತ್ತಿದ್ದ. ಮೊದಲ ವರ್ಷ ಊರವರು ನಕ್ಕರು, ಎರಡನೇ ವರ್ಷ ನೋಡಲು ಬಂದರು, ಮೂರನೇ ವರ್ಷ ಮರೆತರು. ಯಾರಾದರೂ ಕೆಲಸ ಮುಗಿಸದೆ ಎಳೆದಾಡಿದರೆ "ಸಾಬಣ್ಣನ ವಿಮಾನ ಆತೇನಪಾ ಇದು?" ಎನ್ನುವ ಮಾತು ಮಾತ್ರ ಊರಲ್ಲಿ ಉಳಿಯಿತು.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮಾನಮ್ಮನಿಗೆ ಮೈ ಉರಿಯುತ್ತಿತ್ತು. ಮಾನಮ್ಮ ಅವನ ಅಕ್ಕ. ತಾಯಿ ಸತ್ತಾಗ ಸಾಬಣ್ಣ ನಾಲ್ಕು ವರ್ಷದವನು, ಇವಳು ಹನ್ನೊಂದರವಳು. ಅಂದಿನಿಂದ ಅವನಿಗೆ ಉಣ್ಣಿಸಿದ್ದು, ಮೀಸಿದ್ದು, ಕಟ್ಟಿಗೆ ತೆಗೆದುಕೊಂಡು ಹೊಡೆದದ್ದು ಎಲ್ಲ ಇವಳೇ. ಈಗ ಅವನಿಗೆ ಐವತ್ತೆಂಟು, ಇವಳಿಗೆ ಅರವತ್ತೈದು. ಇವಳ ಗಂಡ ಹೋಗಿ ಬಹಳ ವರ್ಷವಾಗಿತ್ತು. ಅವನ ಹೆಂಡತಿ ಪರಿಮಳಾ ಮಕ್ಕಳಿಲ್ಲದೆಯೇ ತೀರಿಕೊಂಡಿದ್ದಳು. ತಿರುಗಾಡಿ ತಿರುಗಾಡಿ ಅಕ್ಕ ತಮ್ಮ ಇಬ್ಬರೂ ಮತ್ತೆ ಒಂದೇ ಒಲೆಯ ಮುಂದೆ ಬಂದು ಕೂತಿದ್ದರು.

ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ಸಾಬಣ್ಣ ಮಾಡಿದ್ದು ವಿಮಾನದ ಮೈ ರಿಪೇರಿ. ಬೇರೆಯವರು ಹಾರಿಸಿಕೊಂಡು ಬಂದದ್ದನ್ನು ಒರೆಸಿ, ತಟ್ಟಿ, ಬಿರುಕು ಹುಡುಕಿ, ಸರಿಮಾಡಿ, ಮತ್ತೆ ಅವರ ಕೈಗೇ ಕೊಡಬೇಕು. ಮದುವೆಮನೆಯಲ್ಲಿ ಅಡುಗೆ ಮಾಡಿದವನೇ ಉಪವಾಸ ಉಳಿದ ಹಾಗೆ. ಆ ಹಸಿವು ಅವನನ್ನು ಬಿಡಲಿಲ್ಲ. ನೌಕರಿ ಮುಗಿದ ಮೇಲೆ ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ, ಮೀಸೆ ಮೂಡದ ಹುಡುಗರ ಜೊತೆ ಕೂತು ಕಲಿತು ಲೈಸೆನ್ಸ್ ತೆಗೆದುಕೊಂಡ. ಊರಿಗೆ ಬಂದು ಐಟಿಐನಲ್ಲಿ ಫಿಟ್ಟರ್ ಪಾಠ ಹೇಳುತ್ತಾ, ಹೊರದೇಶದಿಂದ ಒಂದು ಕಿಟ್ಟು ತರಿಸಿದ. ಕಿಟ್ಟೆಂದರೆ ಮೂರು ಕಟ್ಟಿಗೆಯ ಪೆಟ್ಟಿಗೆ. ಮಾನಮ್ಮ ಮುಚ್ಚಳ ತೆಗೆದು ನೋಡಿದಳು. ತೆಳ್ಳನೆ ಕಟ್ಟಿಗೆ, ತಂತಿ, ಕಾಗದದ ಸುರುಳಿ.

"ವಿಮಾನ ಎಲ್ಲದನೋ?" ಎಂದು ಕೇಳಿದಳು.

"ಇದರಾಗ ಅದ, ಅಕ್ಕಾ."

"ನನಗ ಇದರಾಗ ತಿಂಗಳೊಪ್ಪತ್ತಿಗೆ ಸಾಲೂ ಒಲಿಕಟಗಿ ಕಾಣ್ತದ ನೋಡಪಾ."

ಅದು ಮೇಲೊಂದು ಕೆಳಗೊಂದು, ಎರಡು ಅಂತಸ್ತಿನ ರೆಕ್ಕೆಯ ವಿಮಾನ. ಒಬ್ಬನೇ ಕೂರಬೇಕು. ನಕ್ಷೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಟ್ಟಿದ್ದರೆ ಅವನು ಸಾಬಣ್ಣನೇ ಅಲ್ಲ. ಪ್ರತಿ ರೆಕ್ಕೆಯನ್ನೂ ಒಂದೊಂದು ಗೇಣು ಉದ್ದ ಮಾಡಿದ. ಯಾಕೆಂದು ಕೇಳಿದರೆ, "ನಮ್ಮ ಕಡಿ ಬ್ಯಾಸಗಿ ಗಾಳಿ ತೆಳ್ಳಗಿರ್ತದ, ಅಕ್ಕಾ. ನೀರು ಮಜ್ಜಿಗಿ ಇದ್ದಂಗ. ಎತ್ತಾಕ ಸೌಟು ದೊಡ್ಡದು ಬೇಕು" ಎಂದ. ಆ ಒಂದು ಗೇಣಿಗೆ ಲೆಕ್ಕ ಹಾಕಿ, ಹೊಸ ನಕ್ಷೆ ಬರೆದು ಕಳಿಸಿ, ಒಪ್ಪಿಗೆ ಬರುವಷ್ಟರಲ್ಲಿ ಒಂದೂವರೆ ವರ್ಷ ಹೋಯಿತು. ರೆಕ್ಕೆಯೊಳಗಿನ ಅಡ್ಡ ಪಟ್ಟಿಗಳಿಗೆ ಅವನು ಪಕ್ಕೆಲುಬು ಎನ್ನುತ್ತಿದ್ದ. ಒಂದು ಪಕ್ಕೆಲುಬಿನ ಅಂಟಿನಲ್ಲಿ ಕೂದಲೆಳೆಯಷ್ಟು ಸಂದು ಕಂಡರೂ ಮುರಿದು ಒಲೆಗೆ ಹಾಕುತ್ತಿದ್ದ. ಮಾನಮ್ಮನ ಒಲೆಗೆ ಕಟ್ಟಿಗೆ ಸಿಕ್ಕಿದ್ದು ಹಾಗೆ. ತಪ್ಪು ಯಾರದ್ದೇ ಇರಲಿ, ಬಿಚ್ಚಬೇಕು ಎನ್ನುವುದು ಅವನ ಧರ್ಮ. ಐಟಿಐ ಹುಡುಗರು ಅವನಿಗೆ ಬಿಚ್ಚಪ್ಪ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ಇಷ್ಟೆಲ್ಲ ಮಾಡಿ ಅವನಿಗೆ ಬೇಕಿದ್ದದ್ದು ದೊಡ್ಡದೇನೂ ಅಲ್ಲ. ಶಹಾಪುರದ ಗುಡ್ಡದ ಸಾಲು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ, ಕಾಲು ಎಲ್ಲ ಬಿಡಿಬಿಡಿಯಾಗಿ. ವಿಮಾನವನ್ನು ಲಾರಿಯಲ್ಲಿ ಕಲಬುರಗಿಗೆ ಒಯ್ದು, ಅಲ್ಲಿಂದ ಹಾರಿ ಬಂದು, ಆ ಬುದ್ಧನ ಮೇಲೆ ಕಾಲಿನಿಂದ ಹಣೆಯವರೆಗೆ ಒಮ್ಮೆ ಹಾರಬೇಕು. ಒಮ್ಮೆ ಸಾಕು. ಆಮೇಲೆ ಮನೆಯ ಮಾಳಿಗೆ ಮೇಲೆ ಒಂದು ಸುತ್ತು ಹೊಡೆದು ಹಿಂದಿರುಗಬೇಕು. ಅವನ ಕಣ್ಣಿಗೆ ಮನೆ ಗೊತ್ತಾಗಲೆಂದು ಮಾನಮ್ಮ ಒಂದು ಕೆಂಪು ಕೌದಿ ಹೊಲಿದು ಇಟ್ಟಿದ್ದಳು. ವಿಮಾನದ ಸದ್ದು ಕೇಳಿದ ಕೂಡಲೇ ಮಾಳಿಗೆ ಹತ್ತಿ ಅದನ್ನು ಹಾಸುವುದು, ಪಕ್ಕದಲ್ಲಿ ನಿಂತು ಕೈ ಬೀಸುವುದು, ಇದು ಅವಳ ಕೆಲಸ.

ಮಾನಮ್ಮ ನಲವತ್ತು ವರ್ಷದಿಂದ ಕೌದಿ ಹೊಲಿದವಳು. ಪಕ್ಕದ ಮನೆಯ ಮಕ್ತುಂಬಿ ಅವಳ ಜೋಡಿ. ಹಳೆ ಸೀರೆ, ಹಳೆ ಧೋತರ, ಹರಿದ ಕುಬಸ ಎಲ್ಲ ಪದರು ಪದರಾಗಿ ಹಾಸಿ ಇಬ್ಬರೂ ಎದುರು ಬದುರು ಕೂತು ಹೊಲಿಯುತ್ತಿದ್ದರು. ರೆಕ್ಕೆಗೆ ಬಟ್ಟೆ ಹಾಕುವ ಕಾಲ ಬಂದಾಗ ಸಾಬಣ್ಣ ಊರಿನ ಇಬ್ಬರು ದರ್ಜಿಗಳ ಹೊಲಿಗೆ ನೋಡಿ ಬೈದು ಬಂದಿದ್ದ. ರೆಕ್ಕೆಗೆ ಬಟ್ಟೆಯನ್ನು ಚೀಲದ ಹಾಗೆ ಹೊಲಿದು ತೊಡಿಸಬೇಕು, ಬಾಯಿಯನ್ನು ಕೈಯಲ್ಲೇ ಹೊಲಿದು ಮುಚ್ಚಬೇಕು. ಆಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಟ್ಟೆ ಬಿಗಿದು ಹಲಗೆಯ ಹಾಗೆ ನಿಲ್ಲುತ್ತದೆ. ಹೊಲಿಗೆ ಎಲ್ಲಿ ಸಡಿಲ ಇದೆಯೋ ಅಲ್ಲಿ ಹರಿಯುತ್ತದೆ.

"ನನ್ನ ಕೌದಿಕ್ಕಿಂತ ಬಾರೀಕ ಹೊಲಿಗಿ ಬೇಕೇನೋ?" ಎಂದು ಮಾನಮ್ಮ ಕೇಳಿದಳು.

ಸಾಬಣ್ಣ ಸ್ಕೇಲು ತಂದು ಅವಳ ಕೌದಿಯ ಮೇಲೆ ಇಟ್ಟು ಒಂದೊಂದೇ ಹೊಲಿಗೆ ಎಣಿಸಿದ. ಮತ್ತೊಂದು ಕಡೆ ಎಣಿಸಿದ. ಹೋಗಿ ರೆಕ್ಕೆಯ ಬಟ್ಟೆ ತಂದು ಅವಳ ಮಡಿಲಲ್ಲಿ ಇಟ್ಟ. ಬದುಕಿನಲ್ಲಿ ಅವಳಿಗೆ ಹಾರ ತುರಾಯಿ ಯಾರೂ ಹಾಕಿರಲಿಲ್ಲ. ಅವತ್ತು ಹಾಕಿದ ಹಾಗಾಯಿತು.

ಎರಡು ತಿಂಗಳು ಅವರು ಹೊಲಿದರು. ಪಕ್ಕೆಲುಬಿಗೆ ಬಟ್ಟೆ ಕಟ್ಟಲು ರೆಕ್ಕೆಯನ್ನು ನಿಲ್ಲಿಸಿ, ಗೇಣುದ್ದದ ಸೂಜಿಯನ್ನು ಈ ಕಡೆಯಿಂದ ಆ ಕಡೆ ತೂರಿಸಬೇಕು, ಆ ಕಡೆಯವರು ಈ ಕಡೆಗೆ ತಿರುಗಿ ಕೊಡಬೇಕು. ನಡುವೆ ಬಿಳಿ ಬಟ್ಟೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮುಖ ಕಾಣದಿದ್ದುದರಿಂದಲೋ ಏನೋ, ಆ ಎರಡು ತಿಂಗಳಲ್ಲಿ ಅವರು ಆಡಿದಷ್ಟು ಮಾತು ಜನ್ಮದಲ್ಲಿ ಆಡಿರಲಿಲ್ಲ. ಅವ್ವನ ಮಾತು ಬಂತು. ಅವ್ವನ ಕೌದಿಯ ಮಾತು ಬಂತು.

ಅವರ ತಾಯಿಯ ಮನೆತನದಲ್ಲಿ ಕೌದಿಗೆ ಎರಡು ಕಟ್ಟಳೆ. ಒಂದು, ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಹಿಡಿ ಜೋಳವನ್ನು ಕೆಂಪು ಚೂರಿನಲ್ಲಿ ಕಟ್ಟಿ ಒಳಗಿಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಬೇಕು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ. ಎರಡು, ಹೊಲಿದು ಮುಚ್ಚಿದ ಕೌದಿಯನ್ನು ಬಿಚ್ಚಬಾರದು. ಹರಿದರೆ ಮೇಲೆ ತೇಪೆ ಹಾಕಬೇಕು. ಹೊದ್ದವರು ಸತ್ತ ದಿನ ಮಾತ್ರ ಅದನ್ನು ಬಿಚ್ಚುವುದು. ಅದೂ ಹೊಲಿದವರೇ, ಅವರಿಲ್ಲದಿದ್ದರೆ ಅವರ ಮಗಳೇ ಬಿಚ್ಚಬೇಕು, ಕೊನೆಯ ಹೊಲಿಗೆ ಬಿಚ್ಚುವ ತನಕ ಅಳಬಾರದು.

"ಎಲ್ಲಾ ರೆಕ್ಕಿ ಹೊಲದು ಮುಚ್ಚಾಕತ್ತೀವಿ. ಹೊಟ್ಟಿ ತುಂಬಸೂದು ಯಾವಾಗ?" ಎಂದು ಮಾನಮ್ಮ ಬಟ್ಟೆಯ ಈ ಕಡೆಯಿಂದ ಕೇಳಿದಳು.

ಆ ಕಡೆಯಿಂದ ಸಾಬಣ್ಣನ ಧ್ವನಿ ಗರಂ ಆಯಿತು. "ಅಕ್ಕಾ, ಇದು ಕೌದಿ ಅಲ್ಲ. ಮನ್ಯಾಗ ಬಾಬಾಸಾಹೇಬರ ಫೋಟೋ ಇಟ್ಟೀವಿ, ದಿನಾ ದೀಪ ಹಚ್ಚತೀವಿ. ಈ ಮೂಢ ಮಾತು ಇನ್ನಾ ಬಿಡವಲ್ಲಿ. ಒಂದು ಕಾಳು ಒಳಗ ಬಿತ್ತಂದ್ರ ನಾ ಇಡೀ ರೆಕ್ಕಿ ಬಿಚ್ಚತೀನಿ, ಹೇಳಿರ್ತೀನಿ."

ಮಾನಮ್ಮ ಸುಮ್ಮನಾದಳು. ಬಾಯಿ ಸುಮ್ಮನಾಯಿತು, ಕೈ ಸುಮ್ಮನಾಗಬೇಕಲ್ಲ? ಕೆಳಗಿನ ಎಡ ರೆಕ್ಕೆಯ ಕೊನೆಯ ಮೂಲೆ ಮುಚ್ಚುವ ದಿನ ಅವನು ಫೋನ್ ಬಂತೆಂದು ಹೊರಗೆ ಹೋದ. ಅವಳು ಸೆರಗಿನ ಗಂಟು ಬಿಚ್ಚಿದಳು. ಅವ್ವನ ಸೀರೆಯ ಕೆಂಪು ಚೂರಿನಲ್ಲಿ ಕಟ್ಟಿದ ಒಂದು ಹಿಡಿ ಜೋಳವನ್ನು ಮೂಲೆಗೆ ಸೇರಿಸಿ, ಒಳಗಿನಿಂದ ಎರಡು ಹೊಲಿಗೆ ಹಾಕಿ, ಬಾಯಿ ಮುಚ್ಚಿದಳು. ತಮ್ಮ ಆಕಾಶಕ್ಕೆ ಹೋಗುವವನು. ಅವನನ್ನು ಹೊತ್ತುಕೊಂಡು ಹೋಗುವುದು ಹಸಿದಿರಬಾರದು. ಅಷ್ಟೇ ಅವಳ ಲೆಕ್ಕ.

ಮರುದಿನ ಸಾಬಣ್ಣ ಕೆಳಗಿನ ಎರಡೂ ರೆಕ್ಕೆಗಳನ್ನು ಒಂದಾದ ಮೇಲೊಂದು ತಕ್ಕಡಿಯ ಕೊಕ್ಕೆಗೆ ಹಾಕಿ ತೂಗಿದ. ಬಲಗಡೆಯದು ತೂಗಿ ಬರೆದುಕೊಂಡ. ಎಡಗಡೆಯದು ತೂಗುವಾಗ ಮಾನಮ್ಮ ಉಸಿರು ಬಿಗಿಹಿಡಿದು ನಿಂತಳು. ಅವನು ತಕ್ಕಡಿಯ ಅಂಕಿಯನ್ನು ನೋಡಿದ, ಮತ್ತೆ ನೋಡಿದ. ರೆಕ್ಕೆಯನ್ನು ಸ್ವಲ್ಪ ಅಲ್ಲಾಡಿಸಿದ.

"ಸರಿ ಅದ," ಎಂದ.

ಒಂದು ಹಿಡಿ ಕಾಳು ಇಷ್ಟು ದೊಡ್ಡ ರೆಕ್ಕೆಗೆ ಯಾವ ಲೆಕ್ಕ ಎಂದು ಅವಳು ಉಸಿರು ಬಿಟ್ಟಳು. ಅವತ್ತು ಸಾಬಣ್ಣ ಅವಳನ್ನು ಜಲ್ದಿ ಮನೆಗೆ ಕಳಿಸಿದ. ಬಲ ರೆಕ್ಕೆಯ ಮೂಲೆಯಲ್ಲಿ ಹೊಲಿಗೆ ಸ್ವಲ್ಪ ಉಳಿದಿತ್ತು. "ಅದು ನಾ ಮುಚ್ಚತೀನಿ, ನೀ ನಡಿ" ಎಂದ. ಆಮೇಲೆ ನೋಡಿದರೆ ಎಮ್ಮೆ ಹೊಲಿದ ಹಾಗೆ ಹೊಲಿದಿದ್ದ. ಮಾನಮ್ಮನಿಗೆ ಬೇಜಾರಾಯಿತು. ನನ್ನ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಇವನಿಗೆ ಎಂದುಕೊಂಡಳು. ಮುಂದಿನ ವಾರ ಅವನು ಮುದನಾಳದಿಂದ ಒಂದು ಬೆಕ್ಕು ತಂದು ಶೆಡ್ಡಿನಲ್ಲಿ ಬಿಟ್ಟ. ಬೆಕ್ಕು ಕಂಡರೆ ಕಲ್ಲು ಎಸೆಯುವ ಮನುಷ್ಯ ದಿನಾ ಅದಕ್ಕೆ ಹಾಲು ಹಾಕುವುದನ್ನು ನೋಡಿ ಅಕ್ಕ ನಕ್ಕಿದ್ದೇ ನಕ್ಕಿದ್ದು.

ಬಟ್ಟೆಗೆ ಬಣ್ಣ ಆಯಿತು. ಎಂಜಿನ್ ಕೂತಿತು. ಅಷ್ಟರಲ್ಲಿ ಸಾಬಣ್ಣನ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಕಣ್ಣಿನ ಹಿಂದೆ ರಕ್ತ ಒಸರುತ್ತಿದೆ ಎಂದು ಕಲಬುರಗಿಯ ದವಾಖಾನೆಯಲ್ಲಿ ಹೇಳಿದರು. ಪೈಲಟ್ಟಿನ ಆರೋಗ್ಯದ ಕಾಗದಕ್ಕೆ ಮಾರ್ಚ್ ಮೂವತ್ತೊಂದರವರೆಗೆ ಜೀವ ಇತ್ತು. ಅದಾದ ಮೇಲೆ ಹೊಸ ಪರೀಕ್ಷೆ. ಹೊಸ ಪರೀಕ್ಷೆಯಲ್ಲಿ ಈ ಕಣ್ಣು ಪಾಸಾಗುವುದಿಲ್ಲ ಎಂದು ಡಾಕ್ಟರು ಮುಖ ನೋಡದೆಯೇ ಹೇಳಿದರು. ಅಂದರೆ ಮಾರ್ಚ್ ಒಳಗೆ ಹಾರಬೇಕು, ಇಲ್ಲದಿದ್ದರೆ ಇಲ್ಲ. ಡಿಸೆಂಬರಿನಲ್ಲಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಮೂರು ವಾರ ಅಲ್ಲೇ ಉಳಿಯಬೇಕಾಯಿತು. ಹೋಗುವಾಗ ಶೆಡ್ಡಿನ ಕೀಲಿಕೈ ಅಕ್ಕನಿಗೆ ಕೊಟ್ಟು, ಒಂದೇ ಮಾತು ಹೇಳಿದ.

"ಬೆಕ್ಕಿಗೆ ದಿನಾ ಹಾಲು ಹಾಕು, ಅಕ್ಕಾ. ಮರೀಬ್ಯಾಡ."

ನಾಲ್ಕು ದಿನ ಹೋದಳು. ಐದನೇ ದಿನ ಮೊಣಕಾಲು ಬಾತು ಕೂತಿತು. ಶೆಡ್ಡು ಒಂದೂವರೆ ಕಿಲೋಮೀಟರ್. ಹತ್ತಿ ಮಿಲ್ಲಿನಲ್ಲಿ ಬೆಕ್ಕಿಗೆ ಹೊಟ್ಟೆಗೆ ಕಮ್ಮಿಯೇ, ಇಲಿ ಹಿಡಿದು ತಿಂದುಕೊಳ್ಳುತ್ತದೆ ಎಂದುಕೊಂಡಳು. ಸಾಬಣ್ಣ ಬಂದಾಗ ಬೆಕ್ಕು ಇರಲಿಲ್ಲ. ಅವನು ಶೆಡ್ಡಿನ ಸುತ್ತ, ಹತ್ತಿ ಹೊಲದಲ್ಲಿ, ರಸ್ತೆಯಲ್ಲಿ ಹುಡುಕಿದ. ಬೆಕ್ಕಿಗೆ ಇಷ್ಟು ಮರುಗುವುದೇ ಎಂದು ಮಾನಮ್ಮ ಬೆರಗಾದಳು. 

ಫೆಬ್ರವರಿಯಲ್ಲಿ ವಿಮಾನ ಪರೀಕ್ಷೆ ಮಾಡುವ ಅಧಿಕಾರಿ ಬಂದರು. ಲಕ್ಷ್ಮಿಕಾಂತ ಎಂದು ಹೆಸರು. ಬಳ್ಳಾರಿ ಕಡೆಯ ಮನುಷ್ಯ, ಮೆತ್ತಗೆ ಮಾತಾಡುವವರು. ಅವರು ಸಹಿ ಹಾಕಿದರೆ ವಿಮಾನ ಲಾರಿ ಹತ್ತುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೊಂದು ತಂತಿ, ಒಂದೊಂದು ಮೊಳೆ ಮುಟ್ಟಿ ನೋಡಿದರು. ಎರಡು ಸಲ "ಛಲೋ ಮಾಡೀರಿ" ಎಂದರು. ಸಾಬಣ್ಣನ ಮುಖ ಮದುಮಗನ ಮುಖ ಆಗಿತ್ತು. ಮಾನಮ್ಮ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು.

ಕೆಳಗಿನ ಎಡ ರೆಕ್ಕೆಯ ಹತ್ತಿರ ಬಂದು ಲಕ್ಷ್ಮಿಕಾಂತ ಬೆರಳಿನಿಂದ ತಟ್ಟಿದರು. ನಗಾರಿಯ ಹಾಗೆ ಸದ್ದು ಬರಬೇಕು. ಬಂತು. ತುದಿಯ ಕಡೆ ತಟ್ಟಿದಾಗ ಬರಲಿಲ್ಲ. ಅವರು ಮಂಡಿಯೂರಿ ಕೂತು ಬ್ಯಾಟರಿ ಹಾಕಿ ಅಡಿಭಾಗ ನೋಡಿದರು. ಹೆಬ್ಬೆರಳಿನಷ್ಟು ಒಂದು ತೂತು. ಮೂಗು ಹತ್ತಿರ ಇಟ್ಟು ವಾಸನೆ ನೋಡಿದರು.

"ಇಲ್ಲಿ ಕೊಯ್ಯಬೇಕಾಗ್ತದ್ರಿ, ಸಾಬಣ್ಣಾರ."

"ಕೊಯ್ರಿ," ಎಂದ ಸಾಬಣ್ಣ.

ಬಟ್ಟೆ ಕೊಯ್ದರು. ಒಳಗೆ ಹತ್ತಿ, ಕಾಗದದ ಚೂರು, ಜೋಳದ ಸಿಪ್ಪೆ ಸೇರಿಸಿ ಕಟ್ಟಿದ ಇಲಿಯ ಗೂಡು. ಐದು ಪಕ್ಕೆಲುಬುಗಳ ದಾರ ಕಡಿದುಹೋಗಿತ್ತು. ಪಕ್ಕೆಲುಬುಗಳನ್ನು ಹೊತ್ತು ರೆಕ್ಕೆಯ ಉದ್ದಕ್ಕೂ ಹೋಗುವ ಹಿಂದಿನ ತೊಲೆ ಇಲಿಯ ಉಚ್ಚೆ ಕುಡಿದು ಕಪ್ಪಾಗಿ ಉಬ್ಬಿತ್ತು, ಅಂಟು ಬಿಟ್ಟಿತ್ತು. ಲಕ್ಷ್ಮಿಕಾಂತ ಚಿಮಟದಿಂದ ಒಂದು ಕೆಂಪು ಚೂರು ಎತ್ತಿ ಹಿಡಿದರು.

"ಇದೇನ್ರಿ ಇದು?"

ಮಾನಮ್ಮ ಚಹಾದ ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟಳು. ಸಾಬಣ್ಣ ಆ ಚೂರನ್ನು ಅವರ ಚಿಮಟದಿಂದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ. "ಇಲಿ ಎಲ್ಲಿಂದರ ಎಳಕೊಂಡು ಬಂದಿರ್ತಾವ್ರಿ. ಹತ್ತಿ ಮಿಲ್ಲು ನೋಡ್ರಿ, ಸುತ್ತ ಹತ್ತಿಕಾಳು" ಎಂದ.

ಲಕ್ಷ್ಮಿಕಾಂತ ಎದ್ದು ನಿಂತು ಕನ್ನಡಕ ಒರೆಸಿಕೊಂಡರು. "ತೊಲಿ ಹೊಸದು ಬೇಕ್ರಿ. ರೆಕ್ಕಿ ಪೂರ್ತಿ ಬಿಚ್ಚಬೇಕು. ನಾ ಸಹಿ ಹಾಕಿದ್ರ ನಿಮ್ಮನ್ನ ನಾನ ಕೊಂದಂಗ ಆಗ್ತದ."

"ಗೊತ್ತದ್ರಿ. ನಿಮ್ಮ ಜಾಗಾದಾಗ ನಾ ಇದ್ರೂ ಹಾಕ್ತಿರಲಿಲ್ಲ," ಎಂದ ಸಾಬಣ್ಣ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು. ಆ ಕಟ್ಟಿಗೆ ಹೊರದೇಶದಿಂದ ಬರಬೇಕು, ಆರು ತಿಂಗಳು. ಮಾರ್ಚ್ ಮೂವತ್ತೊಂದಕ್ಕೆ ಇದ್ದದ್ದು ಐದು ವಾರ. ಅದನ್ನು ಅವನು ಅಧಿಕಾರಿಗೆ ಹೇಳಲೂ ಇಲ್ಲ. ಚಹಾ ಕುಡಿಸಿ, ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬಂದ.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? "ಸಾಬಣ್ಣನ ವಿಮಾನಕ್ಕ ಇಲಿ ಪೈಲಟ್ ಆಗ್ಯಾವಂತ" ಎಂದು ಚಹಾದಂಗಡಿಯಲ್ಲಿ ನಕ್ಕರು. ಮಿಲ್ಲಿನ ಮಾಲೀಕ ಗುರಣ್ಣ ಬಂದು, ಪಕ್ಕದ ಗೋದಾಮಿನಲ್ಲಿ ತಾನು ಇಟ್ಟ ಹತ್ತಿಕಾಳಿನಿಂದಲೇ ಇಲಿ ಬಂದವು ಎಂದು ಕೈಕೈ ಹಿಸುಕಿಕೊಂಡ. "ನಿಂದೇನು ತಪ್ಪಿಲ್ಲ ಬಿಡು" ಎಂದು ಸಾಬಣ್ಣ ಅವನಿಗೇ ಸಮಾಧಾನ ಹೇಳಿದ. ಮಾನಮ್ಮ ಒಳಗೆ ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿಸಿಕೊಂಡಳು. ಮಾಡಿದವಳು ತಾನು, ಕೈ ಹಿಸುಕುವವನು ಗುರಣ್ಣ. ರೊಟ್ಟಿ ಹರಿಯಿತು. ಇನ್ನೊಂದು ಬಡಿದಳು, ಅದೂ ಹರಿಯಿತು.

ಅವಳು ಉಣ್ಣುವುದನ್ನು ಕಮ್ಮಿ ಮಾಡಿದಳು. ಹಿಟ್ಟಿಗೆ ಕೈ ಹಾಕಿದರೆ ಗೂಡಿನ ವಾಸನೆ ಬಂದ ಹಾಗಾಗುತ್ತಿತ್ತು. ಕೌದಿ ಹೊಲಿಯಲು ಕೂತರೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಮೂರನೇ ಸಲ ಚುಚ್ಚಿಕೊಂಡಾಗ ಮಕ್ತುಂಬಿ ದಾರ ಕಡಿದು ಕೆಳಗಿಟ್ಟು, "ಏನಾಗ್ಯಾದ ಹೇಳು" ಎಂದಳು. ಮಾನಮ್ಮ ಹೇಳಿದಳು. ಜೋಳ, ಕೆಂಪು ಚೂರು, ಬೆಕ್ಕಿನ ಹಾಲು, ಎಲ್ಲ.

"ಯಾ ಅಲ್ಲಾ," ಎಂದಳು ಮಕ್ತುಂಬಿ. ಮಾನಮ್ಮನ ಬೆರಳಿನ ರಕ್ತವನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಹೇಳಿದ್ರ ಅವಗ ದುಃಖ. ಹೇಳಲಿಲ್ಲಂದ್ರ ನಿನಗ ದುಃಖ. ಖರೆ ಹೇಳ್ಲಿ ಏನು? ಅವಗಂತೂ ಆಗಬೇಕಾದ ದುಃಖ ಆಗಿಹೋಗ್ಯಾದ. ಇನ್ನ ನಿಂದಷ್ಟ ಉಳದದ."

"ಅಂವ ನನ್ನ ಮಾರಿ ನೋಡ್ಲಿಕ್ಕಿಲ್ಲ, ಮಕ್ತುಂಬಿ. ನಾ ಜ್ವಾಪಾನ ಮಾಡಿದ ಹುಡುಗ. ಅವನ ಏಳು ವರ್ಷ ತಿಂದೀನಿ ನಾ. ಇಲಿ ಅಲ್ಲ, ನಾ ತಿಂದೀನಿ."

ಮಾರ್ಚ್ ಮೂವತ್ತೊಂದರ ಬೆಳಗ್ಗೆ ಮಾನಮ್ಮನಿಗೆ ತಡೆಯಲಿಲ್ಲ. ಕೆಂಪು ಕೌದಿ ಹೊತ್ತು ಮಾಳಿಗೆ ಹತ್ತಿ, ಬಿಸಿಲಿಗೆ ಹಾಕುವ ನೆಪ ಮಾಡಿ ಹಾಸಿದಳು. ನಾಲ್ಕು ಮೂಲೆಗೆ ಕಲ್ಲಿಟ್ಟಳು. ಮೇಲೆ ಆಕಾಶ ಖಾಲಿ ಇತ್ತು. ದೂರದಲ್ಲಿ ಬುದ್ಧ ಮಲಗಿದ್ದ, ಅವನಿಗೆ ಯಾರು ಬಂದರೂ ಬರದಿದ್ದರೂ ಒಂದೇ. ಸ್ವಲ್ಪ ಹೊತ್ತಿಗೆ ಸಾಬಣ್ಣ ಮೆಟ್ಟಿಲು ತಡವರಿಸುತ್ತಾ ಹತ್ತಿ ಬಂದ. ಬಲಗಣ್ಣು ಆಗಲೇ ಮಂಜಾಗಿತ್ತು. ಕೌದಿಯನ್ನು ನೋಡುತ್ತಾ ನಿಂತ.

"ಛಲೋ ಕಾಣ್ತದ ಅಲ್ಲಾ? ಮ್ಯಾಲಿಂದ ಗೊತ್ತಾಗ್ತಿತ್ತು," ಎಂದ. ಆಮೇಲೆ, "ಒಳಗ ಇಡು, ಅಕ್ಕಾ. ಬಣ್ಣ ಹೋಗ್ತದ."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅದಾಗಿ ಮೂರನೇ ದಿನ ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ಮಾನಮ್ಮ ಶೆಡ್ಡಿಗೆ ಹೋದಳು. ಸಾಬಣ್ಣ ವಿಮಾನದ ಕೆಲಸ ಬಿಟ್ಟಿದ್ದ, ಆದರೆ ಶೆಡ್ಡಿಗೆ ಬರುವುದು ಬಿಟ್ಟಿರಲಿಲ್ಲ. ಎರಡು ಕೆಳ ರೆಕ್ಕೆಗಳನ್ನೂ ಬಿಚ್ಚಿ ಗೋಡೆಗೆ ಒರಗಿಸಿ, ಅವುಗಳ ಎದುರು ಸ್ಟೂಲಿನ ಮೇಲೆ ಕೂತಿದ್ದ. ಅವಳು ಬುತ್ತಿ ಕೆಳಗಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಸಾಬಾ, ಆ ಜ್ವಾಳ ನಾ ಇಟ್ಟಿದ್ದೆನಪಾ," ಎಂದಳು. "ಎಡಕ ಮೂಲಿಯಾಗ. ಅವ್ವನ ಸೀರಿ ಚೂರಿನ್ಯಾಗ ಕಟ್ಟಿ. ನೀ ಬ್ಯಾಡ ಅಂದಿದ್ದಿ, ಆದ್ರೂ ಇಟ್ಟೆ. ಇಲಿ ಅದಕ್ಕ ಬಂದಾವ."

ಸಾಬಣ್ಣ ತಿರುಗಲಿಲ್ಲ. "ಗೊತ್ತದ," ಎಂದ.

"ಆ ಚೂರು ನೋಡಿದ ದಿನಾನ ಗೊತ್ತಾತಾ?"

"ತೂಗಿದ ದಿನ. ಬಟ್ಟಿ ಹಾಕೂ ಮುಂಚೆ ಎರಡೂ ರೆಕ್ಕಿ ಗ್ರಾಂ ಗ್ರಾಂ ಸಮ ಮಾಡಿಟ್ಟಿದ್ದೆ ನಾ. ಬಟ್ಟಿ ಹಾಕಿದ ಮ್ಯಾಲ ಎಡಕ ನಲವತ್ತೈದು ಗ್ರಾಂ ಜಾಸ್ತಿ ಬಂತು. ಹಳೀ ತೂಕದಾಗ ನಾಕ ತೊಲಿ. ಅಲ್ಲಾಡಿಸಿದೆ, ಸರಸರ ಅಂತು. ಅವ್ವ ನನಗಂತ ಹೊಲದ ಕೌದ್ಯಾಗ ಮಕ್ಕೊಂಡು ಬೆಳದವ ನಾ, ಅಕ್ಕಾ. ಮಗ್ಗಲಾ ಬದಲಿಸಿದಾಗೆಲ್ಲ ಕಿವಿ ಹತ್ರ ಆ ಸಪ್ಪಳ. ಅದು ಗೊತ್ತಾಗಂಗಿಲ್ಲೇನು ನನಗ?"

ಅವನು ಎದ್ದು, ಬಲ ರೆಕ್ಕೆಯ ಹತ್ತಿರ ಹೋಗಿ, ತಾನೇ ಕೆಟ್ಟದಾಗಿ ಹೊಲಿದ ಮೂಲೆಯನ್ನು ಬೆರಳಿನಿಂದ ತಡವಿ ಹುಡುಕಿದ. ಚಾಕು ಹಾಕಿ ಸೀಳಿದ. ಒಳಗೆ ಕೈ ತೂರಿ ಏನನ್ನೋ ಕಿತ್ತು ತೆಗೆದು ಅವಳ ಅಂಗೈಯಲ್ಲಿ ಇಟ್ಟ. ಅವನ ಸಕ್ಕರೆ ಮಾತ್ರೆಯ ಡಬ್ಬಿ. ಮುಚ್ಚಳಕ್ಕೆ ಸುತ್ತ ಅಂಟು ಬಳಿದಿತ್ತು. ಅವಳು ಅಲ್ಲಾಡಿಸಿದಳು. ಸರಸರ ಅಂತು.

"ನಾಕ ತೊಲಿ. ನಿಂದು ಎಡಕ ಇತ್ತಲ್ಲ, ಬಲಕ ಅಷ್ಟ ಬೇಕಾತು. ಇಲ್ಲಾಂದ್ರ ವಿಮಾನ ಒಂದ ಕಡಿ ವಾಲ್ತದ."

ಮಾನಮ್ಮ ಡಬ್ಬಿಯನ್ನೇ ನೋಡಿದಳು. ನಂಬದವನು, ಫೋಟೋದ ಮಾತೆತ್ತಿ ಬೈದವನು, ಅವಳನ್ನು ಮನೆಗೆ ಕಳಿಸಿ, ಕೂತು, ತಾನೂ ಕಾಳು ತುಂಬಿದ್ದ. ಅವಳಿಗೆ ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಬಂದು 'ಧಡ್' ಎಂದು ಅವನ ಬೆನ್ನಿಗೆ ಗುದ್ದಿದಳು. ಸಣ್ಣವನಿದ್ದಾಗ ಗುದ್ದಿದ ಹಾಗೆ.

"ಹುಚ್ಚ ಸೂಳೆಮಗನ! ಇಲಿ ಬರ್ತಾವಂತ ಗೊತ್ತಿರಲಿಲ್ಲೇನು ನಿನಗ?"

"ಗೊತ್ತಿತ್ತು. ಅದಕ್ಕ ನಂದು ಡಬ್ಬಿಯಾಗ ಹಾಕಿದೆ. ನಿನ್ನ ಜ್ವಾಳದ ಸಲವಾಗಿ ಬೆಕ್ಕು ತಂದೆ."

ಬೆಕ್ಕು. ನಾಲ್ಕು ದಿನದ ಹಾಲು.  ಮಾನಮ್ಮ ಗೋಡೆ ಹಿಡಿದು ಕೆಳಗೆ ಕೂತಳು.

"ಬಿಚ್ಚಿ ತಗದು ಒಗೀಬೇಕಿತ್ತಲ್ಲೋ. ಊರ ಮಂದಿದೆಲ್ಲ ಬಿಚ್ಚಿಸಿದಿ. ನಂದ್ಯಾಕ ಬಿಟ್ಟಿ?"

ಸಾಬಣ್ಣ ಅವಳ ಎದುರು ನೆಲದ ಮೇಲೆ ಕೂತ. "ಬ್ಲೇಡ್ ಹಿಡಕೊಂಡು ನಿಂತಿದ್ದೆ, ಅಕ್ಕಾ. ಅವತ್ತ ನಿನ್ನ ಮನಿಗೆ ಕಳಿಸಿದ್ದು ಅದಕ್ಕ. ಹೊಲಿಗಿ ನೋಡಿದೆ. ಅಷ್ಟು ಚಂದ ಹೊಲಿಗಿ ನನ್ನ ಸರ್ವಿಸ್‌ನ್ಯಾಗ ನೋಡಿರಲಿಲ್ಲ. ನೀ ಹೊಲದದ್ದು ಬಿಚ್ಚೂದು ಯಾರರ ಸತ್ತಾಗ ಅಂತ ತಲ್ಯಾಗ ಬಂತು. ನಂಬಿಕಿ ಇಲ್ಲ ನನಗ. ಖರೇನ ಇಲ್ಲ. ಆದ್ರ ಕೈ ಏಳಲಿಲ್ಲ." ಜೇಬು ತಡವಿಕೊಂಡು, "ಆ ತಪ್ಪು ಬ್ಯಾರೆ ಯಾವನರ ಫಿಟ್ಟರ್ ಮಾಡಿದ್ರ ನೌಕರಿಯಿಂದ ತಗಸ್ತಿದ್ದೆ ನಾ. ನಿಂದಲ್ಲ ಅದು. ನನ್ನ ತಪ್ಪು."

ಹೊರಗೆ ಲಾರಿಗಳು ಸುರಪುರದ ಕಡೆ ಹೋಗುತ್ತಿದ್ದವು. ತಗಡಿನ ಕೆಳಗೆ ಬಿಸಿಲು ಬೇಯುತ್ತಿತ್ತು. ಬುತ್ತಿ ಬಿಚ್ಚುವ ನೆನಪು ಇಬ್ಬರಿಗೂ ಇರಲಿಲ್ಲ. ಸಾಬಣ್ಣನ ಎರಡೂ ಕಣ್ಣಿನಿಂದ ನೀರು ಹರಿಯುತ್ತಿತ್ತು. ಕಾಯಿಲೆಯಿಂದ ಅವು ಈಗ ಯಾವಾಗಲೂ ಹರಿಯುತ್ತಿದ್ದವು, ಆದ್ದರಿಂದ ಅದು ಅಳುವೋ ಅಲ್ಲವೋ ಮಾನಮ್ಮನಿಗೆ ತಿಳಿಯಲಿಲ್ಲ.

"ಹೊಸ ತೊಲಿ ತರಸಿ ಮತ್ತ ಕಟ್ಟಬಹುದಲ್ಲಾ?" ಎಂದಳು, ಉತ್ತರ ಗೊತ್ತಿದ್ದೂ.

"ಕಟ್ಟಬಹುದು. ಹಾರಸಾಂವ ಯಾರು?"

ಮಾನಮ್ಮ ಎಡ ರೆಕ್ಕೆಯನ್ನು ನೋಡಿದಳು. ಲಕ್ಷ್ಮಿಕಾಂತರು ಕೊಯ್ದ ಕಡೆ ಬಟ್ಟೆ ಜೋತುಬಿದ್ದಿತ್ತು. ಉಳಿದ ಕಡೆ ಅವಳ ಹೊಲಿಗೆ ಹಾಗೇ ಇತ್ತು. ಇಲಿಗೂ ಅದನ್ನು ಪೂರ್ತಿ ಕೆಡಿಸಲು ಆಗಿರಲಿಲ್ಲ.

ಅವಳು ಕೈ ಚಾಚಿದಳು. "ಬ್ಲೇಡ್ ಕೊಡು."

ಸಾಬಣ್ಣ ಅವಳ ಮುಖ ನೋಡಿದ. ಅವನಿಗೆ ಎಷ್ಟು ಕಂಡಿತೋ. ಜೇಬಿನಿಂದ ಬ್ಲೇಡ್ ತೆಗೆದು ಅವಳ ಕೈಗೆ ಕೊಟ್ಟ. ಅದರ ಜೊತೆಗೇ ಆ ಕೆಂಪು ಚೂರೂ ಬಂತು. ಮಡಚಿ ಇಟ್ಟಿದ್ದ.

ಮಾನಮ್ಮ ರೆಕ್ಕೆಯ ಬುಡದಲ್ಲಿ ಕೂತು, ಹೊಲಿಗೆಯ ಮೇಲೆ ಅಂಟಿಸಿದ್ದ ಬಟ್ಟೆಯ ಪಟ್ಟಿ ಕಿತ್ತು, ತಾನು ಮುಚ್ಚಿದ ಮೂಲೆಯಿಂದಲೇ ಶುರುಮಾಡಿದಳು. ಒಂದು ಹೊಲಿಗೆ, ಇನ್ನೊಂದು ಹೊಲಿಗೆ. ಸಾಬಣ್ಣ ಗೋಡೆಗೂ ರೆಕ್ಕೆಗೂ ನಡುವೆ ತೂರಿ ಆ ಕಡೆಗೆ ಹೋಗಿ, ರೆಕ್ಕೆ ಅಲ್ಲಾಡದ ಹಾಗೆ ಹಿಡಿದುಕೊಂಡು ಕೂತ. ನಡುವೆ ಬಟ್ಟೆ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಕೊನೆಯ ಹೊಲಿಗೆ ಬಿಚ್ಚುವ ತನಕ ಅಳಬಾರದು ಎನ್ನುವುದು ಕಟ್ಟಳೆ. ಅವ್ವನ ಕೌದಿ ಬಿಚ್ಚುವಾಗ ಹನ್ನೊಂದು ವರ್ಷದ ಮಾನಮ್ಮ ಅದನ್ನು ಪಾಲಿಸಿದ್ದಳು. ಈಗ ಅರ್ಧ ರೆಕ್ಕೆಯೂ ಆಗಿರಲಿಲ್ಲ, ಬ್ಲೇಡ್ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡಳು.

"ಅಕ್ಕಾ," ಎಂದು ಆ ಕಡೆಯಿಂದ ಸಾಬಣ್ಣ ಕರೆದ. "ಇನ್ನ ಎಷ್ಟು ಉಳದಾವ?"

ಅವಳು ಕಣ್ಣೊರೆಸಿಕೊಂಡು ಬ್ಲೇಡ್ ಎತ್ತಿ, ಉಳಿದ ಹೊಲಿಗೆಗಳನ್ನು ಅದರ ತುದಿಯಿಂದ ಒಂದೊಂದೇ ಎಣಿಸತೊಡಗಿದಳು.